ಕಲ್ಲಿನಾಥ ಸೂಟಿ ಕೇಳಿದ್ದು

ಜಗತ್ತಿನಲ್ಲಿ ಧೈರ್ಯವಂತರಿಗೇನೂ ಬರಗಾಲವಿಲ್ಲ. ಹಾವು ಹಿಡಿಯುವವರಿದ್ದಾರೆ, ಬಾವಿಗೆ ಇಳಿದು ಹೂಳು ತೆಗೆಯುವವರಿದ್ದಾರೆ, ಖಜೂರಿ ರಸ್ತೆಯಲ್ಲಿ ಎದುರಿಗೆ ಲಾರಿ ಬರುತ್ತಿದ್ದರೂ ಮುಂದಿನ ಲಾರಿಯನ್ನು ಹಿಂದೆ ಹಾಕುವವರಿದ್ದಾರೆ. ಇವರನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ತೊಗರಿ ಸೀಜನ್ನಿನಲ್ಲಿ ಶಿವರಾಯ ಸಾವಕಾರರ ದಾಲ್ ಮಿಲ್ಲಿನಲ್ಲಿ ನಿಂತು ‘ನನಗ ಒಂದಿನ ಸೂಟಿ ಬೇಕ್ರಿ’ ಎಂದು ರಜೆ ಕೇಳಿದ ಗಂಡಸನ್ನು ಮಾತ್ರ ನಮ್ಮ ಆಳಂದದಲ್ಲಿ ಯಾರೂ ಕಂಡಿರಲಿಲ್ಲ. ಕಡೆಗೂ ಕೇಳಿದವನು ನಮ್ಮ ಓಣಿಯ ಕಲ್ಲಿನಾಥ. ಅವನು ಹೇಗೆ ಕೇಳಿದ ಎಂಬುದನ್ನು ಊರು ಇನ್ನೂ ತಪ್ಪುತಪ್ಪಾಗಿ ಹೇಳಿಕೊಂಡು ತಿರುಗುತ್ತಿದೆ. ಆದ್ದರಿಂದ ಪಕ್ಕದ ಮನೆಯವನಾದ ನಾನು ನಡೆದದ್ದನ್ನು ನಡೆದ ಹಾಗೆ ಹೇಳಲೇಬೇಕಾಗಿದೆ.

ಕಲ್ಲಿನಾಥ ಮಿಲ್ಲಿನ ಕಾಟಾದ ಗುಮಾಸ್ತ. ತೊಗರಿ ತುಂಬಿದ ಗಾಡಿ ಬಂದರೆ ತೂಕ ನೋಡಿ ಚೀಟಿ ಬರೆದು ಕೊಡುವುದು ಅವನ ಕೆಲಸ. ಕೆಲಸದಲ್ಲಿ ಚುರುಕು, ನಡತೆಯಲ್ಲಿ ಸಭ್ಯ. ಅವನಿಗೆ ಇದ್ದದ್ದು ಒಂದೇ ರೋಗ. ‘ಸೂಟಿ’ ಎಂಬ ಶಬ್ದ ಗಂಟಲವರೆಗೆ ಬಂದು ಅಲ್ಲಿಂದ ವಾಪಸು ಹೋಗುತ್ತಿತ್ತು. ತನ್ನ ಸ್ವಂತ ಮದುವೆಗೆ ಸೂಟಿ ಕೇಳಲು ಹೋದವನು ಭಾನುವಾರವೂ ಕೆಲಸಕ್ಕೆ ಬರುತ್ತೇನೆಂದು ಒಪ್ಪಿಕೊಂಡು ಹೊರಗೆ ಬಂದಿದ್ದ. ಭಾನುವಾರವೂ ಹೋದ ಮೇಲೆ ಅವನಿಗೆ ಉಳಿದದ್ದು ಮಿಲ್ಲು ಬಾಗಿಲು ಹಾಕುವ ಅಮಾವಾಸ್ಯೆಯ ದಿನ ಮಾತ್ರ. ಹೀಗಾಗಿ ಮದುವೆಯನ್ನು ಅಮಾವಾಸ್ಯೆಗೇ ಇಟ್ಟುಕೊಂಡ. ಬೀಗರು ಹೌಹಾರಿದಾಗ, “ನಾವು ಬಸವಣ್ಣನ ದಾರ್ಯಾಗ ನಡೆಯೋರು, ಮುಹೂರ್ತ ಪಂಚಾಂಗ ನೋಡೋರಲ್ಲ” ಎಂದುಬಿಟ್ಟ. ಊರಿನ ಹಿರಿಯರು ಮದುವೆಯ ಮಂಟಪದಲ್ಲೇ ಮೈಕು ಹಿಡಿದು ಅವನ ವಿಚಾರವನ್ನು ಕೊಂಡಾಡಿದರು. ಸಾವಕಾರರಂತೂ ಕಣ್ಣಲ್ಲಿ ನೀರು ತಂದುಕೊಂಡು ಅವನಿಗೆ ಶಲ್ಯ ಹೊದಿಸಿದರು. ನಿಜವಾದ ಕಾರಣ ಗೊತ್ತಿದ್ದದ್ದು ಅವನೊಬ್ಬನಿಗೆ. ಕೊರಳಿಗೆ ತಾಳಿ ಬಿದ್ದ ಮೇಲೆ ಅವನ ಹೆಂಡತಿ ಸುನಿತಾಳಿಗೆ.

ಸುನಿತಾ ಆಗ ಸುಮ್ಮನಿದ್ದಳು. ಆಮೇಲೆ ಅವಳ ತಂಗಿಯ ಮದುವೆಗೆ ಇವನು ಪಂಕ್ತಿಯೆಲ್ಲ ಎದ್ದು, ಪಾತ್ರೆ ತೊಳೆಯುವ ಹೊತ್ತಿಗೆ ಹೋದಾಗಲೂ ಸುಮ್ಮನಿದ್ದಳು. ಮದುವೆಯ ನಂತರ ಓದು ಮುಂದುವರಿಸಿ, ದಿನಾ ಬಸ್ಸಿನಲ್ಲಿ ಕಡಗಂಚಿಯ ವಿಶ್ವವಿದ್ಯಾಲಯಕ್ಕೆ ಓಡಾಡಿ, ಕನ್ನಡ ಎಂ.ಎ. ಮುಗಿಸಿದಳು. ಅವಳ ಪರೀಕ್ಷೆಯ ದಿನಗಳಲ್ಲಿ ಕಲ್ಲಿನಾಥನೇ ರೊಟ್ಟಿ ಬಡಿದ. ಅವನ ರೊಟ್ಟಿ ಒಂದು ದಿನವೂ ದುಂಡಗೆ ಬರಲಿಲ್ಲ, ಆದರೂ ಬಡಿಯುವುದನ್ನು ಬಿಡಲಿಲ್ಲ. ಈಗ ಘಟಿಕೋತ್ಸವ ಬಂತು, ಮುಂದಿನ ವಾರದ ಗುರುವಾರ.

“ನೋಡ್ರಿ,” ಎಂದಳು ಸುನಿತಾ ಊಟಕ್ಕೆ ಬಡಿಸುತ್ತಾ. “ನಮ್ಮ ಮನಿತನದಾಗ ಇಷ್ಟ ಓದಿದಾಕಿ ನಾನೇ ಮೊದಲ್ನೇಕಿ. ಸ್ಟೇಜಿನ ಮ್ಯಾಲ ನನ್ನ ಹೆಸರ ಕರೀತಾರ. ಆವಾಗ ನೀವು ಕೆಳಗ ಕುಂತಿರಬೇಕು.”

“ಕುಂತಿರ್ತೇನಿ.”

“ಅದಕ್ಕ ಸೂಟಿ ಕೇಳಬೇಕು.”

ಕಲ್ಲಿನಾಥನ ಕೈಯಲ್ಲಿದ್ದ ತುತ್ತು ತಾಟಿಗೇ ಇಳಿಯಿತು.

“ಸುಳ್ಳ ಹೇಳಬಾರದು,” ಎಂದಳು ಸುನಿತಾ. “ಹೋದ ವರ್ಷ ಸೋದರಮಾವ ಸತ್ತಾನಂತ ಹೇಳಾಕ ಹೋದ್ರಿ. ನೀವು ಬಾಯಿ ತಗಿಯೂದ್ರಾಗ ಆತನೇ ತೊಗರಿ ಚೀಲ ತಗೊಂಡು ಮಿಲ್ಲಿಗೆ ಬಂದ. ಈ ಸಲ ಯಾರನ್ನೂ ಸಾಯಿಸಬ್ಯಾಡ್ರಿ. ಇದ್ದದ್ದು ಇದ್ದಂಗ ಹೇಳಿ, ಬಾಯ್ಬಿಟ್ಟು ಸೂಟಿ ಕೇಳಿ ಬರ್ರಿ. ನೀವು ಬರಲಿಲ್ಲಂದ್ರ, ನನ್ನ ಹೆಸರ ಕರದ್ರೂ ನಾ ಕುರ್ಚಿ ಬಿಟ್ಟು ಏಳಂಗಿಲ್ಲ.”

ಸುನಿತಾ ಹೇಳಿದರೆ ಹೇಳಿದ್ದೇ. ಅತಿಥಿಗಳಿಗೆಂದು ಕೊಟ್ಟಿದ್ದ ಪಾಸನ್ನು ಗುರುವಾರಕ್ಕೆಂದು ಇಸ್ತ್ರಿ ಮಾಡಿಟ್ಟ ಅವನ ಬಿಳಿ ಅಂಗಿಯ ಜೇಬಿಗೆ ಹಾಕಿ, ಜೇಬಿನ ಮೇಲೆ ಒಮ್ಮೆ ತಟ್ಟಿದಳು.

ಮರುದಿನ ಬೆಳಿಗ್ಗೆಯೇ ಕಲ್ಲಿನಾಥ ಸಾವಕಾರರ ಕೋಣೆಯ ಬಾಗಿಲಲ್ಲಿ ನಿಂತ. ಶಿವರಾಯ ಸಾವಕಾರರು ಕೆಟ್ಟವರೇನಲ್ಲ. ಆದರೆ ಪ್ರತಿ ವರ್ಷ ಸೀಜನ್ ಶುರುವಾಗುವ ದಿನ ಮಷೀನಿಗೆ ಕಾಯಿ ಒಡೆದು ಒಂದೇ ಭಾಷಣ ಮಾಡುತ್ತಿದ್ದರು: “ಸೀಜನ್ನಾಗ ಸೂಟಿ ಅಂದವ, ಸೀಜನ್ ಮುಗದ ಮ್ಯಾಲೂ ಬರೋದು ಬ್ಯಾಡ.” ಅಷ್ಟು ಹೇಳಿ ಎಲ್ಲರಿಗೂ ಪೇಢೆ ಹಂಚುತ್ತಿದ್ದರು.

“ಏನಲೇ ಕಲ್ಯಾ?”

“ಸಾವಕಾರ್ರ, ಗುರುವಾರ…”

“ಗುರುವಾರ ಏನು?”

ಕಲ್ಲಿನಾಥ ಬೆವೆತ. “ಗುರುವಾರ… ಬುಧವಾರದ ಮರುದಿನ ಬರ್ತದ್ರಿ.”

ಸಾವಕಾರರು ತಲೆಯೆತ್ತಿ ಗೋಡೆಯ ಕ್ಯಾಲೆಂಡರನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದರು. “ಪ್ರತಿ ವಾರ ಹಂಗೇ ಬರ್ತದ. ಹೊರಗ ಗಾಡಿ ನಿಂತಾವ, ಹೋಗು.”

ಕಾಟಾದ ಹತ್ತಿರ ಬಂದು ತಲೆಗೆ ಕೈ ಹೊತ್ತು ಕುಳಿತವನನ್ನು ಮಿಲ್ಲಿನ ಜೀಪು ಓಡಿಸುವ ಬಂದೇನವಾಜ ನೋಡಿದ. ಬಂದೇನವಾಜ ಪರೋಪಕಾರಿ. ಎಲ್ಲ ಕಷ್ಟಕ್ಕೂ ಅವನ ಮೊಬೈಲಿನಲ್ಲಿ ಒಂದು ವಿಡಿಯೋ ಇರುತ್ತಿತ್ತು.

“ಯಾಕ ಅಣ್ಣಾ, ಪರೇಶಾನ್ ಆಗೀದಿ?”

“ದೊಡ್ಡೋರ ಹತ್ರ ಒಂದು ಮಾತ ಕೇಳಬೇಕಾಗ್ಯದೋ. ಬಾಯಿ ಬರವಲ್ದು.”

ಯಾವ ಮಾತು, ಯಾವ ದೊಡ್ಡವರು ಎಂದು ಬಂದೇನವಾಜ ಕೇಳಲಿಲ್ಲ, ಕಲ್ಲಿನಾಥ ಹೇಳಲಿಲ್ಲ. ಈ ಕಥೆಯ ಮುಂದಿನ ಅನಾಹುತಕ್ಕೆಲ್ಲ ಇಬ್ಬರೂ ಅಲ್ಲಿ ಆಡದೆ ಉಳಿಸಿದ ಆ ನಾಲ್ಕು ಮಾತೇ ಕಾರಣ. ಬಂದೇನವಾಜ ಮೊಬೈಲು ತೆಗೆದು ಮುಂದೆ ಹಿಡಿದ. ಅದರಲ್ಲಿ ಒಬ್ಬ ಹೆಣ್ಣುಮಗಳು ಕೊಳಲಿನ ಸಂಗೀತದ ನಡುವೆ, ತೊಟ್ಟಿಲ ಕೂಸಿಗೆ ಹೇಳುವಷ್ಟು ಮೆಲ್ಲಗೆ ಹೇಳುತ್ತಿದ್ದಳು: “ಕೇಳಲು ಅಂಜಿಕೆಯೇ? ಬಲವಂತ ಬೇಡ. ದಿನಕ್ಕೊಂದಿಷ್ಟು ಮೃದುವಾದ ಅಭ್ಯಾಸ ಸಾಕು. ಬೆಳಿಗ್ಗೆ ಎದ್ದು ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಯಾರೇ ಮಾತಾಡಿಸಿದರೂ ಎದೆಯ ಮೇಲೆ ಕೈ ಇಟ್ಟು, ಉಸಿರು ಎಳೆದುಕೊಂಡು, ಮುಗುಳ್ನಕ್ಕು ಉತ್ತರಿಸಿ. ಊಟದಲ್ಲಿ ಮೊದಲ ಪಾಲನ್ನು ಇನ್ನೊಬ್ಬರಿಗೆ ಕೊಡಿ. ಯಾರ ಮೇಲೂ ದನಿ ಏರಿಸಬೇಡಿ. ನಿಮಗೆ ಬೇಕಾದದ್ದು ಏನೆಂದು ಯಾರಿಗೂ ಮೊದಲೇ ಹೇಳಬೇಡಿ. ಒಂದು ದಿನ ಅದು ತಾನಾಗಿಯೇ ಬಾಯಿಂದ ಹೊರಗೆ ಬರುತ್ತದೆ.”

ತಾನಾಗಿಯೇ ಬರುತ್ತದೆ ಎಂದದ್ದು ಕಲ್ಲಿನಾಥನಿಗೆ ಬಹಳ ಹಿಡಿಸಿತು. ಅವತ್ತೇ ಶುರು ಮಾಡಿದ.

ಮೊದಲು ಸಿಕ್ಕವನು ಸೊಲ್ಲಾಪುರದ ಕಡೆಯ ಒಬ್ಬ ಲಾರಿ ಡ್ರೈವರು. ಚೀಟಿ ತಡವಾಯಿತೆಂದು ಅವನು ಕಲ್ಲಿನಾಥನ ವಂಶವನ್ನೆಲ್ಲ ಮರಾಠಿಯಲ್ಲಿ ಬಯ್ದ. ಕಲ್ಲಿನಾಥ ಎದೆಯ ಮೇಲೆ ಕೈ ಇಟ್ಟ, ಕಣ್ಣು ಮುಚ್ಚಿದ, ಉಸಿರು ಎಳೆದುಕೊಂಡ, ಮುಗುಳ್ನಕ್ಕ. ಡ್ರೈವರು ಗಾಬರಿಯಾಗಿ ಸುತ್ತಮುತ್ತ ನೋಡಿದ. ತಾನು ಬಯ್ದದ್ದಕ್ಕೇ ಇವನಿಗೆ ಏನೋ ಆಗುತ್ತಿದೆ ಎಂದುಕೊಂಡು, ತನ್ನ ಬಾಟಲಿಯಿಂದಲೇ ನೀರು ಕುಡಿಸಿ, ಚೀಟಿಯನ್ನೂ ತೆಗೆದುಕೊಳ್ಳದೆ ಲಾರಿ ಹಿಂದಕ್ಕೆ ತಗೊಂಡ. ಹಮಾಲರು ಚೀಲ ಹೊತ್ತವರು ಹೊತ್ತ ಹಾಗೇ ನಿಂತು ನೋಡಿದರು.

ಮರುದಿನ ಮನೆಯ ಕಟ್ಟೆಯ ಮೇಲೆ ಸೂರ್ಯ ಹುಟ್ಟುವ ಮೊದಲೇ ಕಣ್ಣು ಮುಚ್ಚಿ ಕುಳಿತ. ನಳಕ್ಕೆ ಬಂದ ಹೆಂಗಸರು ಕೊಡ ಕೆಳಗಿಟ್ಟರು. ಮಧ್ಯಾಹ್ನ ಬುತ್ತಿ ಬಿಚ್ಚಿ ಮೊದಲ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಇಟ್ಟು ಒಬ್ಬ ಹಮಾಲನಿಗೆ ಕೊಟ್ಟ. ಮುಂದಿನ ದಿನ ಇನ್ನೊಬ್ಬನಿಗೆ. ಮಾತಾಡಿಸಿದವರಿಗೆಲ್ಲ ಎದೆಯ ಮೇಲೆ ಕೈ, ಮುಗುಳ್ನಗೆ. ಸಾವಕಾರರು ಮೊದಲು, “ಯಾಕಲೇ, ಎದಿ ನೋವೇನು?” ಎಂದು ಸೋಡಾ ತರಿಸಿಕೊಟ್ಟರು. ಕುಡಿದು ಮತ್ತೆ ಎದೆಯ ಮೇಲೆ ಕೈ ಇಟ್ಟ. ಸಾವಕಾರರಿಗೆ ಯೋಚನೆ ಹತ್ತಿತು. ಬೇರೆ ಮಿಲ್ಲಿನವರು ಇವನನ್ನು ಎಳೆದುಕೊಳ್ಳುತ್ತಿದ್ದಾರೋ, ಅಥವಾ ಇವನೇ ಏನಾದರೂ ಎಡವಟ್ಟು ಮಾಡಿಕೊಂಡಿದ್ದಾನೋ ಎಂದು ಕಿಟಕಿಯ ಸಂದಿಯಿಂದ ಕಣ್ಣಿಟ್ಟರು.

ಗುಟ್ಟು ಬಿಡಿಸಿದವಳು ಸಾವಕಾರರ ಹೆಂಡತಿ ಗೌರಾಬಾಯಿ. ಗಂಡನಿಗೆ ಸಕ್ಕರೆ ಕಾಯಿಲೆ ಇದ್ದದ್ದರಿಂದ ಆಕೆ ದಿನಾ ತಾನೇ ಊಟ ತಂದು, ಎದುರಿಗೆ ಕುಳಿತು ಉಣ್ಣಿಸಿ ಹೋಗುತ್ತಿದ್ದಳು. ಆವತ್ತು ಕಲ್ಲಿನಾಥ ತನ್ನ ಮೊದಲ ರೊಟ್ಟಿಯನ್ನು ಸಾವಕಾರರಿಗೇ ಕೊಡೋಣವೆಂದು ತಂದ. ಗೌರಾಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನು ಹೋದ ಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು:

“ಏನ್ರಿ, ನಿಮಗ ಕಣ್ಣ ಕಾಣಂಗಿಲ್ಲೇನು? ಈ ಹುಡುಗ ಹೊಂಟಾನ.”

“ಎಲ್ಲಿಗಿ? ಯಾರ ಮಿಲ್ಲಿಗಿ?”

“ಮಿಲ್ಲಿಗಲ್ಲರಿ, ಮಠಕ್ಕ! ಅಂದೋಲಾ ಊರಾಗ ನಮ್ಮ ಕಾಕಾ ಹಿಂಗೇ ಶುರು ಮಾಡಿದ್ದ. ಮೊದಲ ಸಿಟ್ಟ ಬಿಟ್ಟ. ಆಮ್ಯಾಲ ರೊಟ್ಟಿ ಹಂಚಾಕತ್ತ. ಮಾತಾಡಿಸಿದ್ರ ಕಣ್ಣ ಮುಚ್ಚಿ ನಗತಿದ್ದ. ಒಂದಿನ ಮುಂಜಾನಿ ನೋಡಿದ್ರ ಹಾಸಿಗಿ ಖಾಲಿ. ಕಾವಿ ಉಟ್ಕೊಂಡು ಹೋಗಿಬಿಟ್ಟಿದ್ದ!”

ಸಾವಕಾರರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಅಮಾವಾಸ್ಯೆಯ ಮದುವೆ ನೆನಪಾಯಿತು. ತಾವೇ ಹೊದಿಸಿದ ಶಲ್ಯ ನೆನಪಾಯಿತು. “ಖರೇ ಅದ,” ಎಂದರು ಸಣ್ಣ ದನಿಯಲ್ಲಿ. “ಅವತ್ತೇ ತಿಳೀಬೇಕಿತ್ತು ನನಗ.” ಬಂದೇನವಾಜನನ್ನು ಕರೆದು ಕೇಳಿದರು. ಬಂದೇನವಾಜ ಕೈ ಮುಗಿದು ಒಪ್ಪಿಕೊಂಡ: “ದೊಡ್ಡೋರ ಹತ್ರ ಒಂದು ಮಾತ ಕೇಳಬೇಕಂದಾರ್ರಿ. ದೊಡ್ಡೋರು ಅಂದ್ರ ಸ್ವಾಮಿಗಳೇ ಇರಬೇಕು, ಮತ್ಯಾರು? ನನ್ನ ಮೊಬೈಲ್ ನೋಡೇ ಆತಗ ಜ್ಞಾನ ಆತು. ಪಾಪ ನಂದೇ ರೀ, ಮಾಫ್ ಮಾಡ್ರಿ.”

ಅಂದಿನಿಂದ ಮಿಲ್ಲಿನ ಹವೆಯೇ ಬದಲಾಯಿತು. ‘ಲೇ ಕಲ್ಯಾ’ ಹೋಗಿ ‘ಬರ್ರಿ ಕಲ್ಲಿನಾಥಪ್ಪ’ ಬಂತು. ಅವನ ಮರದ ಸ್ಟೂಲಿನ ಜಾಗದಲ್ಲಿ ಗಾದಿ ಹಾಕಿದ ಕುರ್ಚಿ ಬಂತು. ಹಮಾಲರು ಅವನ ಮುಂದೆ ಬೀಡಿ ಸೇದುವುದನ್ನು ಬಿಟ್ಟರು. ಕಲ್ಲಿನಾಥನ ಸಂತೋಷ ಕೇಳಬೇಡಿ. ವಿಡಿಯೋದ ಹೆಣ್ಣುಮಗಳು ಹೇಳಿದ್ದೆಲ್ಲ ಅಕ್ಷರಶಃ ನಡೆಯುತ್ತಿದೆ, ಇನ್ನೇನು ಸೂಟಿ ತಾನಾಗಿಯೇ ಬಾಯಿಂದ ಉದುರುತ್ತದೆ ಎಂದು ಇನ್ನಷ್ಟು ಮೃದುವಾದ. ಗುರುವಾರ ಹತ್ತಿರ ಹತ್ತಿರ ಬರುತ್ತಿತ್ತು, ಆದರೆ ಬಾಯಿಂದ ಏನೂ ಉದುರಲಿಲ್ಲ.

ಸುದ್ದಿ ಆಳಂದದಲ್ಲಿ ಹರಡಿ ಅಫಜಲಪುರಕ್ಕೆ ತಲುಪಿತು. ಅಲ್ಲಿ ಅವನ ದೊಡ್ಡವ್ವ ಗುರುಬಾಯಿ ಇದ್ದಳು, ಅವನನ್ನು ಸಾಕಿ ಬೆಳೆಸಿದವಳು. ಸೋಮವಾರ ಸಂಜೆ ಒಂದು ತೂಫಾನ್ ಜೀಪು ಬಂದು ನಮ್ಮ ಓಣಿಯಲ್ಲಿ ನಿಂತಿತು. ಗುರುಬಾಯಿ ಇಳಿಯುವ ಮೊದಲೇ ಅವಳ ಅಳು ಇಳಿಯಿತು.

“ಏ ಕಲ್ಲಪ್ಪಾ! ಎದ್ಯಾಗ ಹಾಕ್ಕೊಂಡು ಬೆಳಸಿದ್ನೆಲ್ಲೋ! ಒಂದು ಕೂಸಿನ ಮಾರಿನರ ನೋಡಿ ಹೋಗಬಾರದೇನೋ!”

“ದೊಡ್ಡವ್ವ, ನಾ ಎಲ್ಲಿಗೂ ಹೋಗಂಗಿಲ್ಲ,” ಎಂದ ಕಲ್ಲಿನಾಥ ಕಂಗಾಲಾಗಿ.

“ಎಲ್ಲಾರೂ ಹಂಗೇ ಅಂತಾರ!” ಎಂದು ಗುರುಬಾಯಿ ಎದೆ ಬಡಿದುಕೊಂಡಳು. “ಹೋಗೋರು ಯಾರರ ಹೇಳಿ ಹೋಗ್ತಾರೇನು?”

ಕಲ್ಲಿನಾಥ ಅಭ್ಯಾಸಬಲದಿಂದ ಎದೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದ. ಅಷ್ಟೇ ಸಾಕಾಯಿತು. ನೆರೆದವರೆಲ್ಲ ಒಮ್ಮೆಲೇ “ಶರಣು ಶರಣಾರ್ಥಿ” ಎಂದರು. ಸುಳ್ಳು ಯಾಕೆ ಹೇಳಲಿ, ಕಿಟಕಿಯಲ್ಲಿ ನಿಂತು ನಾನೂ ಕೈ ಮುಗಿದೆ.

ಸುನಿತಾ ಒಳಗಿನಿಂದ ಬಂದಳು. ಅವಳ ಕೈಗೆ ಹಿಟ್ಟು ಮೆತ್ತಿತ್ತು. “ಅತ್ತಿ, ಅಳಬ್ಯಾಡ್ರಿ,” ಎಂದಳು. “ಇವರು ಎಲ್ಲೂ ಹೋಗೋರಲ್ಲ. ಮಿಲ್ಲಿನಾಗ ಒಂದಿನ ಸೂಟಿ ಕೇಳಾಕ ಧೈರ್ಯ ಇಲ್ಲದೋರು, ಸಂಸಾರಕ್ಕ ಸೂಟಿ ಕೇಳ್ತಾರೇನು?”

“ಪಾಪ,” ಎಂದಳು ಗುರುಬಾಯಿ ಎಲ್ಲರ ಕಡೆ ತಿರುಗಿ. “ದುಃಖದಾಗ ಏನೇನೋ ಮಾತಾಡಾಕತ್ಯಾಳ.”

ಮಂದಿ ಕರಗಿದ ಮೇಲೆ ಅಡುಗೆಮನೆಯಲ್ಲಿ ಸುನಿತಾಳ ದನಿ ಬದಲಾಯಿತು. ಗೋಡೆ ತೆಳುವು, ನನಗೆ ಎಲ್ಲ ಕೇಳಿಸಿತು. ಕೇಳಿಸದ ಹಾಗೆ ಇರಲು ನಾನೂ ಬಹಳ ಪ್ರಯತ್ನಪಡಲಿಲ್ಲ.

“ನಗಬೇಕೋ ಅಳಬೇಕೋ ತಿಳೀವಲ್ದು ನನಗ. ಸ್ವಾಮಿ ಅನಿಸ್ಕೊಳ್ಳಾಕ ತಯಾರಿದ್ದೀರಿ, ಸೂಟಿ ಕೇಳಾಕ ತಯಾರಿಲ್ಲ. ಪರೀಕ್ಷಾದಾಗ ನೀವು ಬಡದ ಕೆಟ್ಟ ರೊಟ್ಟಿ ತಿಂದು ಓದೀನಿ. ಆ ಪದವ್ಯಾಗ ಅರ್ಧ ನಿಮ್ಮದು ಅಂತ ತಿಳ್ಕೊಂಡೀನಿ. ಅದಕ್ಕ ಕರ್ಯಾಕತ್ತೇನಿ, ಫೋಟೋ ತಗಸ್ಕೊಳ್ಳಾಕಲ್ಲ.” ಪಾತ್ರೆ ಕುಕ್ಕಿದ ಸಪ್ಪಳವಾಯಿತು. “ನನ್ನ ಸಲುವಾಗಿ ಒಂದು ಮಾತ, ಒಂದೇ ಮಾತ ಕೇಳಾಕ ನಿಮಗ ಆಗಂಗಿಲ್ಲ ಅಲ್ಲಾ?”

ಆ ಹೊತ್ತಿನಲ್ಲಿ ಕಲ್ಲಿನಾಥ ಎದೆಯ ಮೇಲೆ ಕೈ ಇಟ್ಟುಕೊಂಡಿರಲಿಲ್ಲ ಎಂದು ನನ್ನ ನಂಬಿಕೆ.

ಬುಧವಾರ ಕೆಲಸ ಮುಗಿಯುವ ಹೊತ್ತಿಗೆ ಅವನು ಹಲ್ಲು ಕಚ್ಚಿಕೊಂಡು ಸಾವಕಾರರ ಕೋಣೆಗೆ ಹೋದ. “ಸಾವಕಾರ್ರ, ನಾಳಿ ನನಗ…”

ಸಾವಕಾರರು ಗಾದಿಯಿಂದ ಎದ್ದೇ ನಿಂತರು, ಕೈ ಮುಗಿದುಕೊಂಡು. “ಬಾಯ್ಬಿಟ್ಟು ಕೇಳಬ್ಯಾಡ್ರಿ. ನಿಮ್ಮ ಮನಸಿನಾಗಿಂದು ನನಗ ಎಲ್ಲಾ ತಿಳದದ. ನಿಮ್ಮನ್ನ ತಡಿಯಾಕ ನಾ ಯಾರು? ನಾಳಿ ಮುಂಜಾನಿ ನಿಮ್ಮ ಮನಿ ಮುಂದ ಜೀಪ್ ಬರ್ತದ. ಎಲ್ಲಾ ವ್ಯವಸ್ಥಾ ಮಾಡೀನಿ.”

ಸುನಿತಾಳ ಪದವಿಯ ಸುದ್ದಿ ಸಾವಕಾರರಿಗೆ ಹೇಗೋ ತಿಳಿದಿದೆ ಎಂದುಕೊಂಡು ಕಲ್ಲಿನಾಥ ಗಾಳಿಯಲ್ಲಿ ತೇಲಿಕೊಂಡು ಮನೆಗೆ ಬಂದ. ಸೂಟಿಯ ಜೊತೆಗೆ ಜೀಪು! ಸುನಿತಾಳಿಗೆ ಹೇಳಿದ. ಅವಳು ಸೀರೆ ಮಡಿಸುತ್ತಿದ್ದವಳು ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದಳು: “ನೀವು ಸೂಟಿ ಅಂತ ಕೇಳಿದ್ರೇನು?”

“ಕೇಳಬೇಕಂತ ಬಾಯಿ ತಗದೆ. ಅಷ್ಟರಾಗ ಅವರೇ…”

“ಅಂದ್ರ ಕೇಳಿಲ್ಲ,” ಎಂದಳು ಸುನಿತಾ. ಮತ್ತೆ ಸೀರೆ ಮಡಿಸತೊಡಗಿದಳು.

ಪದವಿ ಪಡೆಯುವವರು ಬೇಗ ಹೋಗಿ ಕೂರಬೇಕಿತ್ತು. ಗುರುವಾರ ಅವಳು ಮೊದಲ ಬಸ್ಸು ಹಿಡಿದು ಹೋದಳು. ಕಲ್ಲಿನಾಥ ಬಿಳಿ ಅಂಗಿ ತೊಟ್ಟು, ಜೇಬಿನ ಪಾಸನ್ನು ಮುಟ್ಟಿ ನೋಡಿಕೊಂಡು ಕಟ್ಟೆಯ ಮೇಲೆ ನಿಂತ. ಜೀಪು ಬಂತು, ಆದರೆ ಬರಬೇಕಾದ ಹೊತ್ತಿಗಿಂತ ಬಹಳ ತಡವಾಗಿ. ಅದರ ಮುಂದೆ ಬಾಳೆಕಂದು ಕಟ್ಟಿದ್ದರು. ನನಗೆ ಅಲ್ಲಿಯೇ ಅನುಮಾನ ಬಂತು. ಕಲ್ಲಿನಾಥನಿಗೆ ಮಾತ್ರ ಅದು ಸಾವಕಾರರ ದೊಡ್ಡ ಮನಸ್ಸಾಗಿ ಕಂಡಿತು. ಹಿಂದಿನ ಸೀಟಿನಲ್ಲಿ ಜಾಗ ಇದ್ದದ್ದರಿಂದ ನಾನೂ ಹತ್ತಿ ಕುಳಿತೆ. ಇಂಥದ್ದನ್ನು ಬೇರೆಯವರ ಬಾಯಿಂದ ಕೇಳುವವನು ನಾನಲ್ಲ.

ಜೀಪು ಬಸ್ ನಿಲ್ದಾಣ ದಾಟಿ ಮಿಲ್ಲಿನ ಕಡೆ ಹೊರಳಿತು.

“ಬಂದೇನವಾಜ, ಇದು ಕಡಗಂಚಿ ಹಾದಿ ಅಲ್ಲೋ!”

“ಮೊದಲ ಮಿಲ್ಲಿಗ್ರಿ ಅಪ್ಪೋರ,” ಎಂದ ಬಂದೇನವಾಜ, ಹಿಂತಿರುಗಿ ನೋಡದೆ. “ಅಲ್ಲಿ ಎಲ್ಲಾರೂ ಕಾಯಾಕತ್ತಾರ.”

ಮಿಲ್ಲಿನ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಸೀಜನ್ನಿನಲ್ಲಿ ಅಮಾವಾಸ್ಯೆ ಬಿಟ್ಟರೆ ಎಂದೂ ನಿಲ್ಲದ ಮಷೀನು ನಿಂತಿತ್ತು. ಆ ಮೌನ ಕೇಳಿಯೇ ಕಲ್ಲಿನಾಥನ ಮುಖ ಬಿಳಿಚಿತು. ಹಮಾಲರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಸಾಲಾಗಿ ನಿಂತಿದ್ದರು. ಗುರುಬಾಯಿ ಕಂಬಕ್ಕೆ ಒರಗಿ ಅಳುತ್ತಿದ್ದಳು. ನಡುವೆ ಒಂದು ಮಣೆ, ಮಣೆಯ ಮುಂದೆ ಹಿತ್ತಾಳೆಯ ದೊಡ್ಡ ಪರಾತ, ಹಾಲು, ನೀರು, ಬಿಲ್ವಪತ್ರಿ, ಹೂವು. ಪಾದಪೂಜೆಗೆ ಎಲ್ಲವೂ ಸಿದ್ಧವಾಗಿತ್ತು.

“ಸಾವಕಾರ್ರ, ಇದೇನ್ರಿ? ನಾ ಹೋಗಬೇಕ್ರಿ, ಹೊತ್ತಾತು!”

“ಗೊತ್ತದ, ಗೊತ್ತದ,” ಎಂದು ಸಾವಕಾರರು ಕಣ್ಣೊರೆಸಿಕೊಂಡರು. “ಪಾದ ತೊಳದು ಕಳಸ್ತೇವಿ.”

ನಾಲ್ಕು ಜನ ಹಮಾಲರು ಬಂದರು. ಕ್ವಿಂಟಲ್ ಚೀಲ ಎತ್ತುವ ಕೈಗಳ ಮುಂದೆ ಗುಮಾಸ್ತನ ತೋಳು ಎಷ್ಟರದು? ಬಿಳಿ ಅಂಗಿ ಹೋಯಿತು, ಪ್ಯಾಂಟು ಹೋಯಿತು, ಚಪ್ಪಲಿ ಹೋಯಿತು. ಮಡಿ ಪಂಚೆ ಬಂತು, ಹಣೆಗೆ ತೋಳಿಗೆ ವಿಭೂತಿ ಬಂತು, ಕೊರಳಿಗೆ ಮೊಣಕಾಲವರೆಗಿನ ಸೇವಂತಿಗೆ ಹಾರ ಬಂತು, ಹೆಗಲಿಗೆ ಜರಿಯ ಶಲ್ಯ ಬಂತು. “ನನ್ನ ಅಂಗಿ! ಅಂಗಿ ಕೊಡ್ರಿ!” ಎಂದು ಅವನು ಕೂಗಿದ. ಗೌರಾಬಾಯಿ ಹತ್ತಿರದವರಿಗೆ ಹೇಳಿದಳು: “ಕಾಕಾಗೂ ಕಡೀತನ ಅಂಗೀದೇ ಆಶಾ ಇತ್ತು ನೋಡ್ರಿ.”

ಮಣೆಯ ಮೇಲೆ ಕೂರಿಸಿದರು. ಒಂದು ಕೈಗೆ ತೆಂಗಿನಕಾಯಿ, ಇನ್ನೊಂದು ಕೈಗೆ ಪತ್ರಿಯ ತಟ್ಟೆ. ಶಿವರಾಯ ಸಾವಕಾರರು ತಂಬಿಗೆ ಹಿಡಿದು ಕೆಳಗೆ ಕುಳಿತರು. ಊರಿಗೆಲ್ಲ ತೊಗರಿಯ ಧಾರಣೆ ಹೇಳುವ ಮನುಷ್ಯ, ತನ್ನ ಗುಮಾಸ್ತನ ಹಿಮ್ಮಡಿಯ ಒಡಕನ್ನು ಹಾಲಿನಿಂದ ಮೆಲ್ಲಗೆ ತೊಳೆದರು. ಕಲ್ಲಿನಾಥ ಗೋಡೆಯ ಗಡಿಯಾರ ನೋಡಿದ. ಸಭೆ ಶುರುವಾಗಿರಬೇಕು. ಒಂದೊಂದೇ ಹೆಸರು ಕರೆಯುತ್ತಿರಬೇಕು. ಒಂದು ಕುರ್ಚಿಯಲ್ಲಿ ಸುನಿತಾ ಬಾಗಿಲ ಕಡೆ ನೋಡುತ್ತ ಕುಳಿತಿರಬೇಕು.

ಸಾವಕಾರರು ಪಾದಕ್ಕೆ ಹೂವು ಏರಿಸಿ, ಕೈ ಮುಗಿದು ಹೇಳಿದರು: “ನನ್ನಿಂದ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ. ಹೋಗೋ ಮುಂದ ಒಂದು ಅಪ್ಪಣಿ ಕೊಡ್ರಿ. ಏನ ಹೇಳ್ತೀರಿ ಹೇಳ್ರಿ.”

ಕಲ್ಲಿನಾಥನ ಬಲಗೈ ಎದೆಯ ಕಡೆ ಹೋಗಲು ನೋಡಿತು. ಅದರಲ್ಲಿ ತೆಂಗಿನಕಾಯಿ ಇತ್ತು. ಎಡಗೈ ನೋಡಿದ, ಅದರಲ್ಲಿ ಪತ್ರಿಯ ತಟ್ಟೆ. ಎದೆಯ ಮೇಲೆ ಇಡಲು ಕೈ ಇಲ್ಲ, ಮುಗುಳ್ನಗಲು ಹೊತ್ತಿಲ್ಲ. ವಿಡಿಯೋದ ಹೆಣ್ಣುಮಗಳು ಹೇಳಿದ್ದ ಒಂದು ಅಭ್ಯಾಸವೂ ಕೈಗೆ ಸಿಗದೆ, ಅವನ ಬಾಯಿ ತೆರೆಯಿತು.

“ಸಾವಕಾರ್ರ, ನನಗ ಇವತ್ತ ಸೂಟಿ ಬೇಕ್ರಿ!”

ಸಾವಕಾರರ ಮೊಣಕೈ ತಾಗಿ ತಂಬಿಗೆ ಪರಾತಕ್ಕೆ ಬಿದ್ದು ಠಣ್ಣೆಂದಿತು. “ಏನು?”

“ಸೂಟಿ! ಒಂದೇ ದಿನ! ನನ್ನ ಹೆಂಡತಿಗೆ ಕಡಗಂಚ್ಯಾಗ ಎಂ.ಎ. ಪದವಿ ಕೊಡಾಕತ್ತಾರ. ನಾ ಹೋಗ್ಲಿಲ್ಲಂದ್ರ ಆಕಿ ತಗೊಳ್ಳಂಗಿಲ್ಲ. ನಾ ಸ್ವಾಮೀನೂ ಅಲ್ಲ, ಎಂಥದೂ ಅಲ್ಲ. ಸೂಟಿ ಕೇಳಾಕ ಅಂಜಿ ಇಷ್ಟೆಲ್ಲಾ ಮಾಡೀನ್ರಿ!”

“ಸೀಜನ್ನಾಗ?” ಎಂದರು ಸಾವಕಾರರು. ಅಷ್ಟೊಂದು ಭಕ್ತಿಯಿಂದ ಒಮ್ಮೆಲೇ ಮಾಲೀಕತನಕ್ಕೆ ಬರುವುದು ಅವರಿಗೂ ಕಷ್ಟವಾಯಿತು. ಮುಖದ ಮೇಲೆ ಎರಡೂ ಕಲಸಿಕೊಂಡಿದ್ದವು. “ಮಷೀನ್ ಬಂದ್ ಮಾಡಿ ನಿನ್ನ ಪಾದ ತೊಳದೀನಲ್ಲೋ!”

ಕಲ್ಲಿನಾಥ ತೆಂಗಿನಕಾಯಿಯನ್ನು ಸಾವಕಾರರ ಕೈಗೇ ಇಟ್ಟ. ಮಣೆಯಿಂದ ಹಾರಿ, ಒದ್ದೆ ಕಾಲಿನಲ್ಲಿ ಜೀಪಿಗೆ ಓಡಿದ. “ಬಂದೇನವಾಜ, ಹೊಡಿ ಗಾಡಿ!” ಬಂದೇನವಾಜ ಒಮ್ಮೆ ಸಾವಕಾರರನ್ನು ನೋಡಿದ, ಒಮ್ಮೆ ಈ ಹೊಸ ದನಿಯನ್ನು ಕೇಳಿದ, ಗಾಡಿ ಹೊಡೆದ. ನಾನು ಓಡುತ್ತಿದ್ದ ಜೀಪಿಗೆ ಹಿಂದಿನಿಂದ ಹತ್ತಿದೆ.

ಹಾದಿಯುದ್ದಕ್ಕೂ ಬಾಳೆಕಂದಿನ ಜೀಪು ಕಂಡು ಜನ ನಿಂತು ಕೈ ಮುಗಿದರು. ಕಲ್ಲಿನಾಥ ಯಾರಿಗೂ ಕಣ್ಣು ಮುಚ್ಚಲಿಲ್ಲ. “ಹೊಡಿ, ಹೊಡಿ” ಎನ್ನುವುದೊಂದೇ ಮಾತು. ಎತ್ತಿನ ಗಾಡಿಯೊಂದು ಅಡ್ಡ ಬಂದಾಗ, ಇಷ್ಟು ದಿನ ತಡೆದಿಟ್ಟಿದ್ದ ಸಿಟ್ಟೆಲ್ಲ ಒಮ್ಮೆಲೇ ಹೊರಗೆ ಬಂದು ಆ ಎತ್ತುಗಳಿಗೂ ಅರ್ಥವಾಗುವಂತೆ ಬಯ್ದ. ಬಂದೇನವಾಜ ನನ್ನ ಕಡೆ ತಿರುಗಿ, “ಅಣ್ಣ ಆರಾಮ ಆದ,” ಎಂದ.

ವಿಶ್ವವಿದ್ಯಾಲಯದ ಸಭಾಂಗಣದ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. “ಪಾಸ್ ತೋರಸ್ರಿ.”

ಕಲ್ಲಿನಾಥ ಜೇಬು ಮುಟ್ಟಿಕೊಳ್ಳಲು ಹೋದ. ಜೇಬಿರಲಿಲ್ಲ, ಅಂಗಿಯೇ ಇರಲಿಲ್ಲ. ಒಳಗಿನಿಂದ ಮೈಕಿನಲ್ಲಿ ಹೆಸರುಗಳು ಒಂದರ ಹಿಂದೆ ಒಂದು ಕೇಳಿಸುತ್ತಿದ್ದವು. ಹಿಂದಿನ ಕಲ್ಲಿನಾಥನಾಗಿದ್ದರೆ, ಗುರುವಾರ ಬುಧವಾರದ ಮರುದಿನ ಬರುತ್ತದೆ ಎಂದು ಹೇಳಿ ತಿರುಗಿ ಬರುತ್ತಿದ್ದನೋ ಏನೋ.

“ಪಾಸ್ ಅಂಗ್ಯಾಗದ, ಅಂಗಿ ಆಳಂದದಾಗದ,” ಎಂದ. “ಒಳಗ ನನ್ನ ಹೆಂಡತಿ ಸುನಿತಾ ಅದಾಳ. ಆಕಿ ಹೆಸರ ಕರಿಯೂ ಮುಂದ ನಾ ಒಳಗಿರಬೇಕು. ಬಿಡ್ರಿ ನನಗ.”

ಕಾವಲುಗಾರ ಅವನ ಬರಿಗಾಲು ನೋಡಿದ. ಕಾಲಿನ ಮೇಲೆ ಹಾಲು ಇನ್ನೂ ಪೂರ್ತಿ ಆರಿರಲಿಲ್ಲ, ಹಾದಿಯ ಮಣ್ಣು ಅದಕ್ಕೆ ಅಂಟಿತ್ತು. ಒಳಗಿನ ಒಬ್ಬರನ್ನು ಕರೆದು ಹೆಸರು ಕೇಳಿ ಖಾತ್ರಿ ಮಾಡಿಕೊಂಡು, “ಹಿಂದಿನ ಸಾಲಿನಾಗ ನಿಂದರ್ರಿ. ಸಪ್ಪಳ ಮಾಡಬ್ಯಾಡ್ರಿ,” ಎಂದು ಬಿಟ್ಟ. ಅವನ ಹಿಂದೆ ನಾನೂ, ಬಂದೇನವಾಜನೂ ಮನೆಯವರ ಹಾಗೆ ಮುಖ ಮಾಡಿಕೊಂಡು ನುಗ್ಗಿದೆವು.

“ಸುನಿತಾ ಕಲ್ಲಿನಾಥ,” ಎಂದಿತು ಮೈಕು.

ಯಾರೂ ಏಳಲಿಲ್ಲ.

“ಸುನಿತಾ ಕಲ್ಲಿನಾಥ,” ಎಂದಿತು ಇನ್ನೊಮ್ಮೆ. ವೇದಿಕೆಯ ಮೇಲಿದ್ದವರು ಸಾಲುಗಳ ಕಡೆ ನೋಡಿದರು. ಅಷ್ಟು ದೂರದಿಂದಲೂ ನನಗೆ ಅವಳು ಕಂಡಳು. ಹೊಸ ಸೀರೆ, ಹೆಗಲ ಮೇಲೆ ಪದವೀಧರರಿಗೆ ಕೊಟ್ಟ ಶಲ್ಯ, ತಲೆ ತಗ್ಗಿಸಿ ಎರಡೂ ಕೈಯಿಂದ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಳು. ಪಕ್ಕದ ಹುಡುಗಿ ಅವಳ ತೋಳು ಅಲುಗಿಸುತ್ತಿದ್ದಳು. ಓದುವವರು ಮುಂದಿನ ಹೆಸರಿಗೆ ಹಾಳೆ ಹೊರಳಿಸಿದರು.

“ಸುನಿತಾ! ಬಂದೇನೀ!”

ಸಭೆಯೆಲ್ಲ ತಿರುಗಿತು. ಕೊನೆಯ ಸಾಲಿನ ಹಿಂದೆ ಒಬ್ಬ ಸ್ವಾಮಿ ಕುರ್ಚಿಯ ಮೇಲೆ ಹತ್ತಿ ಎರಡೂ ಕೈ ಬೀಸುತ್ತಿದ್ದ. ಹಾರದ ಹೂವು ಸುತ್ತಲಿನವರ ತಲೆಯ ಮೇಲೆಲ್ಲ ಉದುರುತ್ತಿತ್ತು. ಸುನಿತಾ ತಿರುಗಿ ನೋಡಿದಳು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಎದ್ದು, ನಗುತ್ತಲೋ ಅಳುತ್ತಲೋ, ವೇದಿಕೆಯ ಮೆಟ್ಟಿಲು ಹತ್ತಿದಳು. ಪದವಿ ತೆಗೆದುಕೊಂಡಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಬಂದೇನವಾಜ. ನನಗೆ ಹೊಡೆಯಲಾಗಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಹೊರಗೆ ಬೇವಿನ ಗಿಡದ ನೆರಳಲ್ಲಿ ಗಂಡಹೆಂಡತಿ ಎದುರುಬದುರು ನಿಂತರು. ಇಬ್ಬರ ಹೆಗಲ ಮೇಲೂ ಶಲ್ಯ.

“ಇದೇನ್ರಿ ಅವತಾರ?”

“ಪಾದಪೂಜಾ ಮಾಡಿದ್ರು.”

“ಅದಿರಲಿ. ಸೂಟಿ ಕೇಳಿದ್ರೇನು?”

“ಕೇಳಿದೆ. ಬಾಯ್ಬಿಟ್ಟು ಕೇಳಿದೆ, ಎಲ್ಲಾರ ಮುಂದ.”

“ಸಾವಕಾರ್ರು ಏನಂದ್ರು?”

“ಅದನ್ನ ಕೇಳಾಕ ನಾ ಅಲ್ಲಿ ನಿಂದರಲಿಲ್ಲ.”

ಸುನಿತಾ ನಕ್ಕು, ಅವನ ಕೊರಳಿನ ಹಾರ ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು. ಅಷ್ಟರಲ್ಲಿ ಬಂದೇನವಾಜನ ಮೊಬೈಲು ರಿಂಗಣಿಸಿತು. ಅವನು ಕಿವಿಗೆ ಹಿಡಿದು, “ಹೌದ್ರಿ, ಹೌದ್ರಿ” ಎಂದು ಬೆವೆತು, ಮೊಬೈಲಿನ ಮೇಲೆ ಅಂಗೈ ಮುಚ್ಚಿ ಹೇಳಿದ:

“ಅಣ್ಣಾ, ಸಾವಕಾರ್ರು. ಗಾಡಿ ಸಾಲಾಗಿ ನಿಂತಾವಂತ. ತೊಳದ ಪಾದ ಮಿಲ್ಲಿಗೆ ತಿರುಗಿ ಯಾವಾಗ ಬರ್ತಾವ ಅಂತ ಕೇಳಾಕತ್ತಾರ.”

ಕಲ್ಲಿನಾಥನ ಬಲಗೈ ಮೆಲ್ಲಗೆ ಎದೆಯ ಕಡೆ ಏರತೊಡಗಿತು. ಸುನಿತಾ ಅದನ್ನು ಅರ್ಧದಲ್ಲೇ ಹಿಡಿದು ಕೆಳಗೆ ಇಳಿಸಿದಳು, ಹಿಡಿದ ಕೈ ಬಿಡಲಿಲ್ಲ.

“ನಾಳಿ ಬರ್ತಾವಂತ ಹೇಳು,” ಎಂದ ಕಲ್ಲಿನಾಥ. “ಇವತ್ತ ಸೂಟಿ ಅದ.”